ಚುಕ್ಕಾಣಿ ಕಿತ್ತ ಹಡಗು

  

ಊರಿನಿಂದ ಅಜ್ಜ, ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ ಯಾರೇ ಬರಲಿ, ಕ್ವಾಲಾಲಂಪುರದ ನಾವೆಲ್ಲ ಮಾಡುವ ಕೆಲಸ ಒಂದೇ. ಒಂದು ದಿನ ಬಟು ಕೇವ್ಸ್, ಒಂದು ದಿನ ಪೆಟ್ರೋನಾಸ್ ಟವರ್, ಮೂರನೆಯ ದಿನ ಕಾರಿನಲ್ಲಿ ಎರಡು ಗಂಟೆ ಕೂತು ಮಲಾಕಾ. ಅಲ್ಲಿ ಕೆಂಪು ಕಟ್ಟಡದ ಮುಂದೆ ಫೋಟೋ, ಕೋಟೆಯ ಹಳೆಯ ಬಾಗಿಲ ಮುಂದೆ ಫೋಟೋ, ಆಮೇಲೆ ಮೆಟ್ಟಿಲು ಹತ್ತಿ ಗುಡ್ಡದ ಮೇಲಿನ ಚಾವಣಿಯಿಲ್ಲದ ಚರ್ಚು. ಅದರ ಮುಂದೆ ಬಿಳಿಯ ಪ್ರತಿಮೆಯೊಂದಿದೆ. ಅದಕ್ಕೆ ಬಲಗೈ ಇಲ್ಲ. ಒಳಗೆ ಹೋದರೆ ನೆಲದಲ್ಲಿ ಜಾಲರಿ ಮುಚ್ಚಿದ ಒಂದು ಖಾಲಿ ಕುಳಿ. ನೀವೂ ಅದರ ಸುತ್ತ ನಿಂತಿರುತ್ತೀರಿ. ಅದು ಯಾರ ಕುಳಿ, ಏಕೆ ಖಾಲಿ, ಅದಕ್ಕೂ ನಮ್ಮ ಕನ್ನಡನಾಡಿನ ಕರಾವಳಿಗೂ ಏನು ಸಂಬಂಧ ಎನ್ನುವುದೇ ಈ ಹೊತ್ತಿನ ನನ್ನ ಮಾತು.

ಆ ಪ್ರತಿಮೆ ಫ್ರಾನ್ಸಿಸ್ ಕ್ಸೇವಿಯರ್ ಅವರದು. ಈ ಹೆಸರು ನಿಮಗೆ ಹೊಸದಲ್ಲ. ಪೆಟಾಲಿಂಗ್ ಜಯಾದಲ್ಲಿ ಅವರ ಹೆಸರಿನ ಚರ್ಚಿದೆ, ಪಿನಾಂಗಿನಲ್ಲಿ ಹೆಸರಾಂತ ಶಾಲೆಯಿದೆ. ನಿಮ್ಮಲ್ಲಿ ಕೆಲವರ ಅಪ್ಪಂದಿರು ಓದಿದ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿದವರು ಯೇಸುಸಭೆಯವರು, ಅಂದರೆ ಜೆಸ್ಯೂಟರು. ಆ ಸಭೆಯನ್ನು ಆರಂಭಿಸಿದ ಮೊದಲ ಕೆಲವೇ ಜನರಲ್ಲಿ ಕ್ಸೇವಿಯರ್ ಒಬ್ಬರು.

ಅವರು ಹುಟ್ಟಿದ್ದು 1506ರಲ್ಲಿ, ಇಂದಿನ ಸ್ಪೇನಿನ ಉತ್ತರಕ್ಕಿರುವ ನವಾರ್ ಎಂಬ ಸೀಮೆಯ ಒಂದು ಕೋಟೆಮನೆಯಲ್ಲಿ. ಪ್ಯಾರಿಸಿನಲ್ಲಿ ಓದಿದರು. ಅಲ್ಲಿ ಇಗ್ನೇಷಿಯಸ್ ಲೊಯೋಲ ಅವರ ಗೆಳೆತನವಾಯಿತು. 1534ರಲ್ಲಿ ಏಳು ಮಂದಿ ಸೇರಿ ಬಡತನ ಮತ್ತು ಬ್ರಹ್ಮಚರ್ಯದ ವ್ರತ ತೊಟ್ಟರು. 1542ರ ಮೇ ತಿಂಗಳಲ್ಲಿ ಕ್ಸೇವಿಯರ್ ಗೋವಾಕ್ಕೆ ಬಂದಿಳಿದರು. ಆ ಕಾಲ ಯಾವುದು ಎಂದು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಹಂಪೆ ಇನ್ನೂ ಹಾಳಾಗಿರಲಿಲ್ಲ. ಪುರಂದರದಾಸರು ಬದುಕಿದ್ದರು. ಹೊನ್ನಾವರ, ಭಟ್ಕಳ, ಬಸರೂರುಗಳ ಬಂದರಿನಿಂದ ಅಕ್ಕಿ ಗೋವಾಕ್ಕೆ ಹೋಗುತ್ತಿತ್ತು. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್, ಮರುವರ್ಷವೇ ಇಲ್ಲಿಗೆ ಬಂದು ಮಲಾಕಾದ ಸುಲ್ತಾನನನ್ನು ಓಡಿಸಿ ಕೋಟೆ ಕಟ್ಟಿದ್ದ. ಹಾಗಾಗಿ ನಮ್ಮ ಕರಾವಳಿಯ ನೆರೆಯ ಗೋವಾಕ್ಕೂ ನೀವು ಬೆಳೆದ ಈ ನಾಡಿಗೂ ಆಗ ಒಂದೇ ಒಡೆತನ, ಒಂದೇ ಹಡಗುದಾರಿ.

ಕ್ಸೇವಿಯರ್ ಮೊದಲ ಸಲ ಮಲಾಕಾಕ್ಕೆ ಬಂದದ್ದು 1545ರಲ್ಲಿ. ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಂಡರು. ಬೀದಿಯಲ್ಲಿ ಗಂಟೆ ಬಾರಿಸುತ್ತಾ ಮಕ್ಕಳನ್ನೂ ಆಳುಕಾಳುಗಳನ್ನೂ ಕರೆದು ಪಾಠ ಹೇಳಿದರು. ಭಾಷೆ ಬರುತ್ತಿರಲಿಲ್ಲ. ಆದ್ದರಿಂದ ಮಲಯ ಬಲ್ಲವರನ್ನು ಕೂರಿಸಿಕೊಂಡು ಪ್ರಾರ್ಥನೆಗಳನ್ನು ಮಲಯಕ್ಕೆ ಮಾಡಿಸಿ ಬಾಯಿಪಾಠ ಮಾಡಿದರು. ಅದಕ್ಕೂ ಮೊದಲು ತಮಿಳುನಾಡಿನ ಮೀನುಗಾರರ ನಡುವೆ ತಮಿಳಿನಲ್ಲಿ ಹಾಗೆಯೇ ಮಾಡಿದ್ದರು. ಭಾನುವಾರದ ಕನ್ನಡ ತರಗತಿಯಲ್ಲಿ ನನ್ನ ಮುಂದೆ ಕೂರುವ ಮಕ್ಕಳು 'ಳ' ಎನ್ನಲು ಹೋಗಿ 'ಲ' ಎಂದಾಗ ನಾಚಿಕೊಳ್ಳುತ್ತಾರೆ. ನಾಚಬೇಡಿ. ಎಷ್ಟೋ ಭಾಷೆಗಳನ್ನು ತಪ್ಪುತಪ್ಪಾಗಿ ಆಡಿಕೊಂಡೇ ಆ ಮನುಷ್ಯ ಅರ್ಧ ಏಷ್ಯಾ ಸುತ್ತಿದರು. ಇಲ್ಲಿಂದ ಮಲುಕು ದ್ವೀಪಗಳಿಗೆ, ಮತ್ತೆ ಇಲ್ಲಿಗೆ. 1547ರ ಕೊನೆಯಲ್ಲಿ ಇದೇ ಮಲಾಕಾದಲ್ಲಿ ಅಂಜಿರೋ ಎಂಬ ಜಪಾನಿ ಅವರಿಗೆ ಸಿಕ್ಕ. ಅವನ ಮಾತು ಕೇಳಿ 1549ರಲ್ಲಿ ಜಪಾನಿಗೆ ಹೊರಟರು. ಆಗಲೂ ಹಡಗು ಹತ್ತಿದ್ದು ಇಲ್ಲಿಂದಲೇ, ಒಂದು ಚೀನೀ ಹಡಗಿನಲ್ಲಿ.

ಈಗ ಕಥೆಯ ಮುಖ್ಯ ಭಾಗಕ್ಕೆ ಬರೋಣ. ವರ್ಷ 1552.

ಜಪಾನಿನಲ್ಲಿ ಎರಡು ವರ್ಷ ಕಳೆದ ಮೇಲೆ ಕ್ಸೇವಿಯರ್ ಅವರಿಗೆ ಒಂದು ವಿಷಯ ಹೊಳೆದಿತ್ತು. ಜಪಾನಿಯರು ವಿದ್ಯೆಗೂ ಧರ್ಮಕ್ಕೂ ಚೀನಾದ ಕಡೆಗೇ ನೋಡುತ್ತಾರೆ, ಹಾಗಾಗಿ ಮೊದಲು ಚೀನಾಕ್ಕೆ ಹೋಗಬೇಕು. ಆದರೆ ಚೀನಾ ಆಗ ಹೊರಗಿನವರಿಗೆ ಮುಚ್ಚಿದ ಬಾಗಿಲು. ಅಪ್ಪಣೆಯಿಲ್ಲದೆ ಕಾಲಿಟ್ಟವರಿಗೆ ಸೆರೆಮನೆ, ಕರೆತಂದವರಿಗೆ ಮರಣದಂಡನೆ. ಕ್ಯಾಂಟನ್ ಊರಿನ ಸೆರೆಮನೆಯಲ್ಲಿ ಹಲವು ಪೋರ್ಚುಗೀಸರು ವರ್ಷಗಟ್ಟಲೆ ಕೊಳೆಯುತ್ತಿದ್ದರು. ರಾಯಭಾರಿಯೊಬ್ಬ ಬಂದರೆ ತಮಗೆ ಬಿಡುಗಡೆ ಸಿಕ್ಕೀತು ಎಂದು ಅವರು ಪತ್ರ ಕಳಿಸಿದ್ದರು. ಕ್ಸೇವಿಯರ್ ಅದನ್ನೇ ದಾರಿ ಮಾಡಿಕೊಂಡರು. ಅವರ ಗೆಳೆಯ ಡಿಯೋಗೋ ಪೆರೇರಾ ಎಂಬ ವರ್ತಕ ರಾಯಭಾರಿಯಾಗಿ ಹೋಗುವುದು, ಉಡುಗೊರೆಗಳನ್ನು ಕೊಟ್ಟು ಕೈದಿಗಳನ್ನು ಬಿಡಿಸುವುದು, ಜೊತೆಯಲ್ಲಿ ಕ್ಸೇವಿಯರ್ ಒಳಗೆ ಹೋಗುವುದು. ಗೋವಾದಲ್ಲಿದ್ದ ವೈಸರಾಯ್ ಒಪ್ಪಿದ. ಪೆರೇರಾ ತನ್ನ ಆಸ್ತಿಯನ್ನೇ ಇದಕ್ಕೆ ಸುರಿದ. ಹಡಗಿನ ಹೆಸರು ಸಾಂತಾ ಕ್ರೂಜ್, ಅಂದರೆ ಪವಿತ್ರ ಶಿಲುಬೆ.

ಮೇ ತಿಂಗಳ ಕೊನೆಗೆ ಕ್ಸೇವಿಯರ್ ಮಲಾಕಾ ತಲುಪಿದರು. ಆಗ ಕೋಟೆಯ ಅಧಿಕಾರ ಹಿಡಿದಿದ್ದವನು ಆಲ್ವಾರೋ ದ ಅತಾಯ್ದೆ. ನೀವು ಇತಿಹಾಸದ ಪುಸ್ತಕದಲ್ಲಿ ಓದಿದ ವಾಸ್ಕೋ ಡ ಗಾಮನ ಮಗ. ಇವನ ಅಣ್ಣ ಪೇದ್ರೋ ಮೂರು ವರ್ಷ ಹಿಂದೆ ಇದೇ ಕೋಟೆಯ ಕ್ಯಾಪ್ಟನ್ ಆಗಿದ್ದಾಗ ಕ್ಸೇವಿಯರ್ ಜಪಾನಿಗೆ ಹೋಗಲು ಕೈಬಿಚ್ಚಿ ಸಹಾಯ ಮಾಡಿದ್ದ. ತಮ್ಮ ಅದಕ್ಕೆ ತದ್ವಿರುದ್ಧ. ಪೆರೇರಾನಂಥ ಸಾಮಾನ್ಯ ವ್ಯಾಪಾರಿಗೆ ರಾಯಭಾರಿಯ ಪಟ್ಟ ಸಿಕ್ಕಿದ್ದು ಅವನಿಗೆ ಸಹಿಸಲಿಲ್ಲ. ಚೀನಾದ ಲಾಭವೂ ಕಣ್ಣು ಕುಕ್ಕುತ್ತಿತ್ತು. ಶತ್ರುಗಳು ಮತ್ತೆ ದಾಳಿ ಮಾಡಬಹುದು, ಹಡಗು ಕೋಟೆಯ ರಕ್ಷಣೆಗೆ ಬೇಕು ಎಂದು ನೆಪ ಹೇಳಿದ. ಅದು ಪೂರ್ತಿ ಸುಳ್ಳೂ ಅಲ್ಲ, ಹಿಂದಿನ ವರ್ಷವಷ್ಟೇ ಜೋಹೋರ್ ಮತ್ತು ಜಾವಾದ ಪಡೆಗಳು ಮಲಾಕಾಕ್ಕೆ ಮುತ್ತಿಗೆ ಹಾಕಿದ್ದವು. ಆದರೆ ಅವನು ಮಾಡಿದ್ದು ಕಾವಲುಗಾರನ ಕೆಲಸವಾಗಿರಲಿಲ್ಲ. ಸಾಂತಾ ಕ್ರೂಜ್ ಹಡಗಿನ ಚುಕ್ಕಾಣಿಯನ್ನೇ ಕಿತ್ತು ತರಿಸಿ ತನ್ನ ವಶದಲ್ಲಿ ಇಟ್ಟುಕೊಂಡ. ಚುಕ್ಕಾಣಿಯಿಲ್ಲದ ಹಡಗು ಎಷ್ಟು ದೊಡ್ಡದಾದರೇನು, ದಡದಲ್ಲೇ ಕೂರಬೇಕು.

ಕ್ಸೇವಿಯರ್ ಮೊದಲು ಕೇಳಿಕೊಂಡರು, ಬೇರೆಯವರಿಂದ ಹೇಳಿಸಿದರು. ಆಗಲಿಲ್ಲ. ಕೊನೆಗೆ ಒಂದು ಕಾಗದ ಹೊರತೆಗೆದರು. ಹನ್ನೊಂದು ವರ್ಷ ಹಿಂದೆ ಯೂರೋಪಿನಿಂದ ಹೊರಡುವಾಗ ಪೋಪ್ ಅವರನ್ನು ತಮ್ಮ ಪ್ರತಿನಿಧಿಯೆಂದು ನೇಮಿಸಿದ್ದರು. ಆ ದೊಡ್ಡ ಪದವಿಯ ಬಲವನ್ನು ಅವರು ಅಧಿಕಾರಿಗಳ ಮೇಲೆ ಹೀಗೆ ಬಳಸಿರಲಿಲ್ಲ. ಈಗ, ಈ ಕೆಲಸಕ್ಕೆ ಅಡ್ಡಿ ಮಾಡುವವನು ಚರ್ಚಿನಿಂದ ಬಹಿಷ್ಕೃತನಾಗುತ್ತಾನೆ ಎಂದು ಅಲ್ಲಿನ ಪಾದ್ರಿಯ ಮೂಲಕ ಹೇಳಿಸಿದರು. ಅತಾಯ್ದೆ ಜಗ್ಗಲಿಲ್ಲ. ಆ ಕಾಗದವೇ ಸುಳ್ಳು, ಈತ ಕಪಟಿ ಎಂಬ ಮಾತು ಹಬ್ಬಿತು. ರೋಗಿಗಳ ಪಕ್ಕ ರಾತ್ರಿಯೆಲ್ಲ ಕೂತಿದ್ದ ಮನುಷ್ಯ ಅದೇ ಊರಿನ ಬೀದಿಯಲ್ಲಿ ನಡೆದರೆ ಅತಾಯ್ದೆಯ ಕಡೆಯವರು ಬಾಯಿಗೆ ಬಂದಂತೆ ಬೈಯುತ್ತಿದ್ದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಧರ್ಮಪ್ರಚಾರಕನಿಗೆ ವಿರೋಧ ಬಂತು ಎಂದರೆ ನಾವು ತಕ್ಷಣ ಬೇರೆ ಧರ್ಮದವರು ತೊಂದರೆ ಕೊಟ್ಟರು ಎಂದು ಊಹಿಸುತ್ತೇವೆ. ಮಲಾಕಾದಲ್ಲಿ ಕ್ಸೇವಿಯರ್ ಅವರನ್ನು ತಡೆದವರು ಮಲಯರಲ್ಲ, ಚೀನಿಯರಲ್ಲ, ತಮಿಳರಲ್ಲ. ಅದೇ ಚರ್ಚಿನಲ್ಲಿ ಅದೇ ದೇವರಿಗೆ ಮೊಣಕಾಲೂರುವ ಅಧಿಕಾರಿ. ಕೈಯಲ್ಲಿ ಕೋಟೆ ಇದ್ದವನಿಗೆ ಸ್ವಂತ ಧರ್ಮದ ಸಾಧುವೂ ಅಡ್ಡಿಯೇ. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನಪು ಮಾಡಿಕೊಳ್ಳಿ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾಯಿತು ಎಂಬ ಕಾರಣಕ್ಕೆ ಇಬ್ಬರು ತಂದೆಯರಿಗೂ ಎಳೆಹೂಟೆ ಶಿಕ್ಷೆಯಾಯಿತು ಎಂದು ಶರಣ ಪರಂಪರೆ ಹೇಳುತ್ತದೆ. ಆ ಶಿಕ್ಷೆ ಕೊಡಿಸಿದ್ದೂ ಹೊರಗಿನ ಶತ್ರುವಲ್ಲ, ಆಳುತ್ತಿದ್ದ ಬಿಜ್ಜಳನೇ.

ಕೊನೆಗೆ ಅತಾಯ್ದೆ ಹಡಗನ್ನು ಬಿಟ್ಟ. ಆದರೆ ಪೆರೇರಾ ಮಲಾಕಾದಲ್ಲೇ ಉಳಿಯಬೇಕು, ಹಡಗಿನಲ್ಲಿ ತನ್ನ ಜನ ಹೋಗಬೇಕು ಎಂಬ ಷರತ್ತಿನ ಮೇಲೆ. ಅಂದರೆ ರಾಯಭಾರಿಯಿಲ್ಲದ ರಾಯಭಾರ. ಕ್ಸೇವಿಯರ್ ಪೆರೇರಾನಿಗೆ ಪತ್ರ ಬರೆದು, ನನ್ನಿಂದಾಗಿ ನಿನಗೆ ಇಷ್ಟು ನಷ್ಟವಾಯಿತು ಎಂದು ನೊಂದುಕೊಂಡರು. ಆದರೂ ಜುಲೈ ತಿಂಗಳಲ್ಲಿ ಅದೇ ಹಡಗು ಹತ್ತಿದರು.

ಏಕೆ ಹತ್ತಿದರು ಎಂದು ನಾನು ಬಹಳ ಯೋಚಿಸಿದ್ದೇನೆ. ರಾಯಭಾರಿ ಜೊತೆಗಿದ್ದರೆ ಗೌರವದಿಂದ ಒಳಗೆ ಹೋಗಬಹುದಿತ್ತು. ಈಗ ಉಳಿದಿದ್ದು ಕದ್ದು ಹೋಗುವ ದಾರಿ ಮಾತ್ರ. ಅಪಾಯ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಆ ಕೊನೆಯ ತಿಂಗಳುಗಳ ಪತ್ರಗಳಲ್ಲಿ ಅದನ್ನು ಲೆಕ್ಕ ಹಾಕಿದಂತೆ ಬರೆದಿದ್ದಾರೆ. ದುಡ್ಡು ತೆಗೆದುಕೊಂಡ ದೋಣಿಯವನು ನಡುನೀರಿನಲ್ಲಿ ತಳ್ಳಿಬಿಡಬಹುದು. ಇಲ್ಲವೇ ದಡ ಸೇರಿದ ಮೇಲೆ ಅಧಿಕಾರಿ ಹಿಡಿದು ಹಿಂಸಿಸಿ ಸೆರೆಗೆ ಹಾಕಬಹುದು. ಇವೆರಡಕ್ಕಿಂತ ದೊಡ್ಡ ಅಪಾಯವೆಂದರೆ ದೇವರ ಮೇಲೆ ನಂಬಿಕೆ ಕಳೆದುಕೊಳ್ಳುವುದು, ಇದು ಅವರ ವಾದ. ಸೆರೆಯಾದರೆ ಈಗಾಗಲೇ ಸೆರೆಯಲ್ಲಿರುವವರ ಜೊತೆ ಇದ್ದಂತಾಯಿತು ಎಂಬ ಸಿದ್ಧತೆ ಅವರಲ್ಲಿತ್ತು.

ಚೀನಾದ ಕರಾವಳಿಗೆ ಹತ್ತಿರದ ಶಾಂಗ್‌ಚುವಾನ್ ದ್ವೀಪದಲ್ಲಿ ಹಡಗು ನಿಂತಿತು. ಕ್ಯಾಂಟನ್‌ಗೆ ಗುಟ್ಟಾಗಿ ದಾಟಿಸಲು ಒಬ್ಬ ಚೀನೀ ವರ್ತಕ ಒಪ್ಪಿದ. ಕೂಲಿ ದುಡ್ಡಲ್ಲ, ಕರಿಮೆಣಸು! ನಮ್ಮ ಪಶ್ಚಿಮ ಘಟ್ಟದ ಬಳ್ಳಿಯ ಕಾಳಿಗೆ ಆಗ ಅಂಥ ಬೆಲೆ. ದಿನ ಗೊತ್ತಾಯಿತು. ಕ್ಸೇವಿಯರ್ ಕಾದರು. ವರ್ತಕ ಬರಲಿಲ್ಲ. ಪೋರ್ಚುಗೀಸ್ ಹಡಗುಗಳು ಒಂದೊಂದಾಗಿ ಹೊರಟವು. ನವೆಂಬರಿನ ಚಳಿಯಲ್ಲಿ ಜ್ವರ ಹಿಡಿಯಿತು. ಸೋಗೆಯ ಗುಡಿಸಲಲ್ಲಿ ಅವರನ್ನು ನೋಡಿಕೊಂಡವನು ಅಂತೋನಿ ಎಂಬ ಚೀನೀ ಯುವಕ. 1552ರ ಡಿಸೆಂಬರ್ 3ರಂದು, 46ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹತ್ತು ವರ್ಷ ಸಾವಿರಾರು ಮೈಲಿ ಅಲೆದವರಿಗೆ ಕಣ್ಣಳತೆಯಲ್ಲಿದ್ದ ಆ ದಡ ಸಿಗಲಿಲ್ಲ.

1553ರ ಮಾರ್ಚಿನಲ್ಲಿ ಅವರ ದೇಹ ಅದೇ ಸಾಂತಾ ಕ್ರೂಜ್ ಹಡಗಿನಲ್ಲಿ ಮಲಾಕಾಕ್ಕೆ ಬಂತು. ಬೈದಿದ್ದ ಊರು ಮೆರವಣಿಗೆಯಲ್ಲಿ ಎದುರುಗೊಂಡಿತು. ಮುಂದೆ ನಿಂತು ಬರಮಾಡಿಕೊಂಡವನು, ಎಲ್ಲ ಕಳೆದುಕೊಂಡಿದ್ದ ಪೆರೇರಾ. ಗುಡ್ಡದ ಮೇಲಿನ ಚರ್ಚಿನಲ್ಲಿ ಹೂಳಿದರು. ಆ ವರ್ಷದ ಕೊನೆಗೆ ತೆಗೆದು ಗೋವಾಕ್ಕೆ ಸಾಗಿಸಿದರು. ನೀವು ನೋಡಿದ ಖಾಲಿ ಕುಳಿಯ ಕಥೆ ಇದು. ಅತಾಯ್ದೆಯನ್ನು ಮುಂದೆ ಅಧಿಕಾರದಿಂದ ಇಳಿಸಿ, ಬಂಧಿಸಿ ಪೋರ್ಚುಗಲ್ಲಿಗೆ ಕಳಿಸಿದರು. 1622ರಲ್ಲಿ ಕ್ಸೇವಿಯರ್ ಅವರನ್ನು ಸಂತರೆಂದು ಘೋಷಿಸಲಾಯಿತು. ಬಲಗೈಯ ವಿಷಯ ಕೇಳಿದ್ದೀರಲ್ಲ: 1614ರಲ್ಲಿ ದೇಹದ ಬಲಗೈಯ ಭಾಗವನ್ನು ತೆಗೆದು ರೋಮಿಗೆ ಒಯ್ದಿದ್ದರು. 1952ರಲ್ಲಿ ಮಲಾಕಾದಲ್ಲಿ ಪ್ರತಿಮೆ ನಿಲ್ಲಿಸಿದ ಮೇಲೆ ಗಾಳಿಮರವೊಂದು ಬಿದ್ದು ಅದರ ಬಲಗೈಯೂ ಮುರಿಯಿತು. ಅದನ್ನು ಪವಾಡವೆನ್ನಬೇಕೋ ಕಾಕತಾಳೀಯವೆನ್ನಬೇಕೋ, ನಿಮಗೆ ಬಿಟ್ಟಿದ್ದು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಒಬ್ಬ ಧೀರನ ಕಥೆ. ಆದರೆ ಕನ್ನಡ ಕರಾವಳಿಯ ಸಂಬಂಧ ಎಂದೆನಲ್ಲ, ಅದನ್ನು ಹೇಳದೆ ಹೋದರೆ ನಿಮಗೆ ಅರ್ಧ ಮಾತ್ರ ಹೇಳಿದಂತಾಗುತ್ತದೆ.

1546ರ ಮೇ ತಿಂಗಳಲ್ಲಿ ಇದೇ ಕ್ಸೇವಿಯರ್ ಅಂಬೋನ್ ದ್ವೀಪದಿಂದ ಪೋರ್ಚುಗಲ್ಲಿನ ದೊರೆಗೆ ಒಂದು ಪತ್ರ ಬರೆದರು. ಹೆಸರಿಗೆ ಕ್ರೈಸ್ತರಾಗಿ ಗುಟ್ಟಾಗಿ ಬೇರೆ ನಂಬಿಕೆ ಪಾಲಿಸುವವರು ಇಲ್ಲಿದ್ದಾರೆ, ಆದ್ದರಿಂದ ಭಾರತಕ್ಕೆ ಇನ್‌ಕ್ವಿಸಿಷನ್ ಬೇಕು ಎಂದು ಅದರಲ್ಲಿ ಕೇಳಿದರು. ಇನ್‌ಕ್ವಿಸಿಷನ್ ಅಂದರೆ ಜನರ ನಂಬಿಕೆಯನ್ನೇ ವಿಚಾರಣೆಗೆ ನಿಲ್ಲಿಸುವ ನ್ಯಾಯಾಲಯ. ಅವರು ತೀರಿಕೊಂಡು ಎಂಟು ವರ್ಷವಾದ ಮೇಲೆ, 1560ರಲ್ಲಿ ಅದು ಗೋವಾದಲ್ಲಿ ಶುರುವಾಯಿತು. ನಡುವೆ ಸ್ವಲ್ಪ ಕಾಲ ನಿಂತರೂ, ಪೂರ್ತಿ ಮುಚ್ಚಿದ್ದು 1812ರಲ್ಲಿ. ಮನೆಯೊಳಗೆ ಹಳೆಯ ಆಚಾರ ಉಳಿಸಿಕೊಂಡರು ಎಂಬ ಕಾರಣಕ್ಕೆ ಜನರನ್ನು ಹಿಡಿದರು, ಸೆರೆಯಲ್ಲಿಟ್ಟರು, ಹಿಂಸಿಸಿದರು, ಕೆಲವರನ್ನು ಸುಟ್ಟರು.

ಅದೇ ಕಾಲದಲ್ಲಿ ಪೋರ್ಚುಗೀಸ್ ಸರ್ಕಾರ ಗೋವಾದ ದೇವಸ್ಥಾನಗಳನ್ನು ಕೆಡವಿಸಿತು. ಮಂಗೇಶ, ಮಹಾಲಸಾ, ಶಾಂತಾದುರ್ಗೆಯರ ವಿಗ್ರಹಗಳನ್ನು ಭಕ್ತರು ಹೊತ್ತು ನದಿ ದಾಟಿದರು. ಎಷ್ಟೋ ಕೊಂಕಣಿ ಮನೆತನಗಳು ದಕ್ಷಿಣಕ್ಕೆ ಕಾರವಾರ, ಕುಮಟಾ, ಭಟ್ಕಳ, ಉಡುಪಿ, ಮಂಗಳೂರು ಎಂದು ಬಂದು ನೆಲೆಸಿದವು. ಹಿಂದೂಗಳಷ್ಟೇ ಅಲ್ಲ, ಕ್ರೈಸ್ತರೂ ಬಂದರು. ಯುದ್ಧ, ಬರ, ತೆರಿಗೆಗಳ ಜೊತೆಗೆ ಈ ವಿಚಾರಣೆಯ ಭಯವೂ ಒಂದು ಕಾರಣ. ನಮ್ಮ ಕೆಳದಿಯ ನಾಯಕರು ಅವರಿಗೆ ನೆಲ ಕೊಟ್ಟರು, ಉಳಲು ಹೇಳಿದರು. ನಿಮ್ಮ ಗೆಳೆಯರಲ್ಲಿ ಪೈ, ಕಾಮತ್, ಶೆಣೈ ಇರಬಹುದು. ಡಿಸೋಜ, ಪಿಂಟೊ, ಲೋಬೊ ಇರಬಹುದು. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ ಮತ್ತು ತುಳು ಆಡುವ ಅವರಲ್ಲಿ ಅನೇಕರ ಹಿರಿಯರು ಆ ದಾರಿಯಲ್ಲಿ ನಡೆದು ಬಂದವರು.

ಆ ಕ್ರೈಸ್ತರಿಗೆ ಮುಂದೆ ಇನ್ನೊಂದು ಕಷ್ಟ ಕಾದಿತ್ತು. 1784ರಲ್ಲಿ, ಇಂಗ್ಲಿಷರಿಗೆ ನೆರವಾದರು ಎಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ ಕೆನರಾದ ಸಾವಿರಾರು ಕ್ರೈಸ್ತರನ್ನು ಬಂಧಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. ಉಳಿದವರು ಊರಿಗೆ ಮರಳಿದ್ದು 1799ರ ನಂತರ. ಒಂದು ದೊರೆತನ ನಂಬಿಕೆಯ ಹೆಸರಿನಲ್ಲಿ ಓಡಿಸಿದ ಜನರನ್ನು ಇನ್ನೊಂದು ದೊರೆತನ ಅನುಮಾನದ ಹೆಸರಿನಲ್ಲಿ ಹಿಡಿಯಿತು.

ಇದನ್ನು ತರಗತಿಯಲ್ಲಿ ಹೇಳಿದಾಗ ಹದಿನಾರರ ಹುಡುಗಿಯೊಬ್ಬಳು ಕೇಳಿದಳು, "ಆಂಟಿ, ಹಾಗಾದರೆ ಕ್ಸೇವಿಯರ್ ಒಳ್ಳೆಯವರಾ, ಕೆಟ್ಟವರಾ?" ಪಕ್ಕದಲ್ಲಿದ್ದ ಹುಡುಗ, "ಅದು ಆ ಕಾಲ ಅಲ್ವಾ, ಎಲ್ಲರೂ ಹಾಗೇ ಇದ್ದರು" ಎಂದ. ಎರಡಕ್ಕೂ ಉತ್ತರ ಹೇಳಬೇಕು ಅನ್ನಿಸಿತು.

ಮೊದಲು ಹುಡುಗನಿಗೆ. ಆ ಕಾಲದಲ್ಲಿ ಎಲ್ಲರೂ ಹಾಗಿರಲಿಲ್ಲ, ಮಗಾ. ಗೋವಾದಿಂದ ಓಡಿ ಬಂದವರಿಗೆ ನೆಲ ಕೊಟ್ಟ ದೊರೆಗಳೂ ಸುಮಾರು ಅದೇ ಕಾಲದವರು. ಬೇರೆ ದೇವರನ್ನು ಪೂಜಿಸುವ ರೈತನನ್ನು ಊರಿನಲ್ಲಿ ಇಟ್ಟುಕೊಳ್ಳಬಹುದು ಎಂದು ಅವರಿಗೆ ಗೊತ್ತಿತ್ತು. ಗದ್ದೆ ಉಳುವ ಕೈ ಬೇಕಿತ್ತು ಎಂಬ ಲೆಕ್ಕವೂ ಇತ್ತೆನ್ನಿ. ಲೆಕ್ಕದಿಂದಲೇ ಬಂದರೂ ಆಶ್ರಯ ಆಶ್ರಯವೇ. ಎಲ್ಲವನ್ನೂ ಕಾಲದ ಮೇಲೆ ಹಾಕಿಬಿಟ್ಟರೆ, ಒಳ್ಳೆಯದನ್ನು ಮಾಡಿದವರಿಗೆ ಅನ್ಯಾಯವಾಗುತ್ತದೆ.

ಇನ್ನು ಹುಡುಗಿಗೆ. ರೋಗಿಗಳ ಪಕ್ಕ ಕೂತದ್ದು ನಿಜ. ಕೈದಿಗಳನ್ನು ಬಿಡಿಸಲು, ತಾನೇ ಕೈದಿಯಾದರೂ ಸರಿ ಎಂದು ಹೊರಟದ್ದು ನಿಜ. ಆ ಪತ್ರ ಬರೆದದ್ದೂ ಅಷ್ಟೇ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಬೇಡ. ನನಗೆ ಕಾಣುವುದು ಇಷ್ಟು. ತನ್ನ ನಂಬಿಕೆಗಾಗಿ ಕಷ್ಟಪಡುವ ಧೈರ್ಯ ಕ್ಸೇವಿಯರ್ ಅವರಲ್ಲಿ ಬೇಕಾದಷ್ಟಿತ್ತು. ಇನ್ನೊಬ್ಬರ ನಂಬಿಕೆಗೂ ಅದೇ ಹಕ್ಕಿದೆ ಎಂದು ಒಪ್ಪುವ ಗುಣ ಬೇರೆ. ಮೊದಲನೆಯದು ಇದ್ದರೆ ಎರಡನೆಯದು ತಾನಾಗಿ ಬರುವುದಿಲ್ಲ. ಇದು ಕ್ರೈಸ್ತರಿಗೆ ಮಾತ್ರ ಹೇಳುವ ಮಾತಲ್ಲ. ಹಿಂದೂ, ಮುಸ್ಲಿಂ, ಜೈನ, ಲಿಂಗಾಯತ, ಯಾವ ಮನೆಯಲ್ಲಿ ಹುಟ್ಟಿದವರಿಗೂ ಇದು ಸಲ್ಲುತ್ತದೆ.

ಇದರಿಂದ ಇಂದಿನ ನಮಗೇನು ಎಂದು ನೀವು ಕೇಳಬಹುದು. ಮಲೇಷ್ಯಾದ ಸಂವಿಧಾನದ 11ನೆಯ ವಿಧಿ ಪ್ರತಿಯೊಬ್ಬರಿಗೂ ತಮ್ಮ ಧರ್ಮವನ್ನು ಪಾಲಿಸುವ ಹಕ್ಕು ಕೊಡುತ್ತದೆ. ಪ್ರಚಾರಕ್ಕೆ ಇರುವ ಮಿತಿಗಳನ್ನೂ ಅದೇ ವಿಧಿ ಹೇಳುತ್ತದೆ. ಭಾರತದ ಸಂವಿಧಾನದಲ್ಲಿ 25ನೆಯ ವಿಧಿ ಇದೆ. ಒಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಅರ್ಧ ಗಂಟೆ ಸಾಕು. ಇಲ್ಲಿ ನಾವು ಅಲ್ಪಸಂಖ್ಯಾತರು. ದೀಪಾವಳಿಗೆ ರಜೆ ಸಿಗುವುದು, ದೇವಸ್ಥಾನಕ್ಕೆ ಜಾಗ ಸಿಗುವುದು, ಇವೆಲ್ಲ ಎಷ್ಟು ದೊಡ್ಡ ವಿಷಯ ಎಂದು ನಮಗೆ ಗೊತ್ತು. ಬೇಸಿಗೆ ರಜೆಗೆ ಊರಿಗೆ ಹೋದಾಗ ನಾವು ಬಹುಸಂಖ್ಯಾತರ ಸಾಲಿನಲ್ಲಿ ನಿಲ್ಲುತ್ತೇವೆ. ಅಲ್ಲಿ ನಮ್ಮ ಬೀದಿಯ ಸಣ್ಣ ಚರ್ಚು, ಸಣ್ಣ ಮಸೀದಿಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ, ಕೌಟುಂಬಿಕ ವಾಟ್ಸಾಪ್ ಗುಂಪಿನಲ್ಲಿ ಏನಾದರೂ ಬಂದರೆ, ಇಲ್ಲಿ ನಮಗೆ ಏನು ಬೇಕೆಂದು ಕೇಳುತ್ತೇವೋ ಅದನ್ನೇ ಅಲ್ಲಿ ಅವರಿಗಾಗಿ ಹೇಳಬೇಕಾಗುತ್ತದೆ. ದೊಡ್ಡವರು ಒಬ್ಬರಾದರೂ ಮುಖ ಗಂಟಿಕ್ಕುತ್ತಾರೆ. ಪರವಾಗಿಲ್ಲ, ಮರ್ಯಾದೆಯಿಂದಲೇ ಹೇಳಿ.

ಕೊನೆಯದಾಗಿ ಒಂದು ಕೆಲಸ. ನಮ್ಮ ಕರಾವಳಿಯ ಮನೆತನಗಳಿಗೆ ಗೋವಾದ ಕಥೆ ಇರುವಂತೆ, ನಿಮ್ಮ ಮನೆಗೂ ಒಂದು ವಲಸೆಯ ಕಥೆ ಇದ್ದೇ ಇರುತ್ತದೆ. ಕೆಲಸಕ್ಕಾಗಿ, ಬರದಿಂದ, ಅಣೆಕಟ್ಟಿನಿಂದ, ಜಗಳದಿಂದ, ಭಯದಿಂದ. ಈ ವಾರ ಫೋನ್ ಮಾಡಿದಾಗ ಅಜ್ಜಿಯನ್ನೋ ಅಜ್ಜನನ್ನೋ ಕೇಳಿ: ನಮ್ಮವರು ಮೊದಲ ಸಲ ಊರು ಬಿಟ್ಟದ್ದು ಯಾವಾಗ, ಏಕೆ, ಆಗ ನೆಲೆ ಕೊಟ್ಟವರು ಯಾರು? ಅವರು ಹೇಳಿದ್ದನ್ನು ಕನ್ನಡದಲ್ಲೇ ಬರೆದಿಡಿ, ಕಾಗುಣಿತ ತಪ್ಪಾದರೂ ಚಿಂತೆಯಿಲ್ಲ. ನಮ್ಮ ಬಾನುಲಿಗೆ ಕಳಿಸಿದರೆ ಓದಿ ಹೇಳುವ ಕೆಲಸ ನನ್ನದು.